ಮಾದರಿ ವಿಮಾನದ ಬ್ಯಾಟರಿ: ಒಂದು ಸಣ್ಣ ಇತಿಹಾಸ



ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಹಾನವಮಿಯ ಹೊತ್ತಿಗೆ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುವುದನ್ನು ನೀವು ಬಲ್ಲಿರಿ. ಇಂತಹ ಜಾತ್ರೆಗಳ ಜನಸಾಗರವನ್ನು ಮೇಲಿನಿಂದ ತೋರಿಸುವ ಡ್ರೋನ್ ಚಿತ್ರಗಳು ಇಂದು ಹೊಸತಲ್ಲ. ಆ ಡ್ರೋನನ್ನು ಎತ್ತಿ ಹಿಡಿಯುವುದು ಒಂದು ಪುಟ್ಟ ಬ್ಯಾಟರಿ. ಡ್ರೋನಿಗಿಂತ ಬಹಳ ಮೊದಲೇ ಬ್ಯಾಟರಿಯ ಬಲದಿಂದ ಹಾರಲು ಹೆಣಗಿದವರು ಮಾದರಿ ವಿಮಾನದ ಹವ್ಯಾಸಿಗಳು.

ಮರಳಿ ತುಂಬಬಲ್ಲ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ. ಅದು ಸೀಸದ್ದು, ಹಾರಲು ತೀರ ಭಾರ. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿಕಲ್-ಕ್ಯಾಡ್ಮಿಯಮ್ ಕೋಶವನ್ನು ಕಂಡುಹಿಡಿದ. 1957ರಲ್ಲಿ ಇಂಗ್ಲೆಂಡಿನ ಕರ್ನಲ್ ಟ್ಯಾಪ್ಲಿನ್ ಬೆಳ್ಳಿ-ಸತು ಬ್ಯಾಟರಿಯಿಂದ ‘ರೇಡಿಯೋ ಕ್ವೀನ್’ ಎಂಬ ಮಾದರಿ ವಿಮಾನವನ್ನು ರೇಡಿಯೋ ನಿಯಂತ್ರಣದಲ್ಲಿ ಹಾರಿಸಿದರು.

ಮುಂದೆ ದಶಕಗಳ ಕಾಲ ನಿಕಲ್-ಕ್ಯಾಡ್ಮಿಯಮ್ ಹವ್ಯಾಸಿಗಳ ಸಂಗಾತಿಯಾಯಿತು. ಅದರ ಒಂದು ಕೋಶ 1.2 ವೋಲ್ಟ್. ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು ವಿದ್ಯುತ್ತನ್ನು 14ರಿಂದ 16 ಗಂಟೆ ಹರಿಸಬೇಕು. ಅಂದರೆ 600 ಮಿಲಿಆಂಪಿಯರ್-ಅವರ್ ಪ್ಯಾಕಿಗೆ 60 ಮಿಲಿಆಂಪಿಯರ್. ಅರ್ಧ ಬಳಸಿ ಪದೇ ಪದೇ ತುಂಬಿದರೆ ಬ್ಯಾಟರಿ ಅದನ್ನೇ ‘ನೆನಪಿಟ್ಟುಕೊಳ್ಳುತ್ತದೆ’ ಎಂದು ಹಿರಿಯರು ಎಚ್ಚರಿಸುತ್ತಿದ್ದರು. ಆದ್ದರಿಂದ ಆಗಾಗ ಕೋಶಕ್ಕೆ 1 ವೋಲ್ಟ್ ಆಗುವವರೆಗೆ ಇಳಿಸಿ, ಮತ್ತೆ ತುಂಬುವ ವಾಡಿಕೆ ಬೆಳೆಯಿತು. ಪೂರ್ಣ ಸೊನ್ನೆಗೆ ಇಳಿಸುವಂತಿರಲಿಲ್ಲ. ಹಾಗೆ ಮಾಡಿದರೆ ಸಾಲಿನಲ್ಲಿರುವ ದುರ್ಬಲ ಕೋಶದ ಧ್ರುವಗಳು ತಿರುಗುಮುರುಗಾಗಿ ಅದು ಕೆಡುತ್ತಿತ್ತು.

1991ರಲ್ಲಿ ಸೋನಿ ಸಂಸ್ಥೆ ಲಿಥಿಯಮ್-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಈ ಬಗೆಯ ಬ್ಯಾಟರಿಗೆ ಬುನಾದಿ ಹಾಕಿದ ಗುಡ್‌ಎನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಇದರ ತಮ್ಮನಾದ ಲಿಥಿಯಮ್-ಪಾಲಿಮರ್ ಪ್ಯಾಕು ಹಗುರ, ಆದರೆ ಬಲಶಾಲಿ. ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯ ರೂಪಿಸಿದ, ಸುಮಾರು ಒಂದು ಅಡಿ ರೆಕ್ಕೆಯ ‘ಬ್ಲ್ಯಾಕ್ ಕೈಟ್’ನಂತಹ ಕಿರುವಿಮಾನಗಳು ಸಾಧ್ಯವಾದದ್ದು ಇಂತಹ ಹಗುರ ಬ್ಯಾಟರಿಗಳಿಂದಲೇ.

ಇಲ್ಲೊಂದು ಎಚ್ಚರಿಕೆಯ ಮಾತಿದೆ. ಹಳೆಯ ಬ್ಯಾಟರಿಗೆ ಹಿತವಾಗಿದ್ದ ಅಭ್ಯಾಸ ಹೊಸದಕ್ಕೆ ವಿಷ. ಲಿಥಿಯಮ್ ಕೋಶವನ್ನು 3 ವೋಲ್ಟಿಗಿಂತ ಕೆಳಗಿಳಿಸಿದರೆ ಅದು ಹಾಳಾಗುತ್ತದೆ, 4.2 ವೋಲ್ಟ್ ಮೀರಿ ತುಂಬಿದರೆ ಬೆಂಕಿ ಹತ್ತಬಹುದು. ನಿಕಲ್ ಬ್ಯಾಟರಿಯ ಚಾರ್ಜರನ್ನು ಇದಕ್ಕೆ ಎಂದೂ ಜೋಡಿಸಬೇಡಿ. ಎಲ್ಲ ಕೋಶಗಳನ್ನೂ ಸಮವಾಗಿ ತುಂಬುವ ಲಿಥಿಯಮ್ ಚಾರ್ಜರನ್ನೇ ಬಳಸಿ. 2200 ಮಿಲಿಆಂಪಿಯರ್-ಅವರ್ ಪ್ಯಾಕಿಗೆ 2.2 ಆಂಪಿಯರ್ ಸಾಮಾನ್ಯ ಮಿತಿ. ಬೆಂಕಿ ಹರಡದ ಜಾಗದಲ್ಲಿಟ್ಟು, ಚಾರ್ಜ್ ಮುಗಿಯುವವರೆಗೂ ಹತ್ತಿರವೇ ಇರಿ. ವಾರಗಟ್ಟಲೆ ಬಳಸದಿದ್ದರೆ ಕೋಶಕ್ಕೆ ಸುಮಾರು 3.8 ವೋಲ್ಟ್ ಇರುವಂತೆ ಎತ್ತಿಡಿ. ಉಬ್ಬಿದ ಪ್ಯಾಕನ್ನು ಮತ್ತೆ ಬಳಸಬೇಡಿ.

ಎನ್.ಸಿ.ಸಿ. ವಾಯು ವಿಭಾಗದಲ್ಲೋ ಕಾಲೇಜಿನ ಸ್ಪರ್ಧೆಯಲ್ಲೋ ನೀವು ವಿಮಾನ ಕಟ್ಟುತ್ತಿರಬಹುದು. ಹಿರಿಯರು ಹೇಳಿಕೊಟ್ಟ ನಿಯಮವನ್ನು ಗೌರವದಿಂದ ಕೇಳಿ. ಆದರೆ ಅದು ಯಾವ ಕಾಲದ, ಯಾವ ಬ್ಯಾಟರಿಗೆ ಹುಟ್ಟಿದ ನಿಯಮ ಎಂದು ವಿಚಾರಿಸಿದ ಮೇಲೆಯೇ ತಂತಿ ಜೋಡಿಸಿ.