ಸ್ವರಕ್ಕೆ ಬೇಲಿ: ಏಕರಾಗ ವೀಣೆಯಿಂದ ಮಿಡಿಯವರೆಗೆ



ಭಜನೆ ನಡೆಯುವಾಗ ಹಾರ್ಮೋನಿಯಂ ಮೇಲಿನ ಬೆರಳು ಒಂದು ಮನೆ ಆಚೆಗೆ ಜಾರಿದರೆ ಸಾಕು, ಹಾಡುವವರೆಲ್ಲ ಒಮ್ಮೆ ತಿರುಗಿ ನೋಡುತ್ತಾರೆ. ಬೆರಳು ತಪ್ಪಿದರೂ ಸ್ವರ ತಪ್ಪದ ವಾದ್ಯವೊಂದು ಇರಬಾರದೇ ಎಂದು ಕಲಿಯುವವರಿಗೆ ಆಗ ಅನ್ನಿಸುವುದು ಸಹಜ. ಇಂದು ಕಂಪ್ಯೂಟರಿಗೆ ನಾಲ್ಕು ಸಾಲಿನ ನಿಯಮ ಬರೆದುಕೊಟ್ಟರೆ ಅದು ಈ ಕೆಲಸ ಮಾಡಿಕೊಡುತ್ತದೆ. ಆದರೆ ಆ ಆಸೆ ಕಂಪ್ಯೂಟರಿಗಿಂತ ನಾಲ್ಕು ನೂರು ವರ್ಷ ಹಳೆಯದು.

1550ರಲ್ಲಿ ವಿಜಯನಗರದ ರಾಮಾಮಾತ್ಯನು 'ಸ್ವರಮೇಳಕಲಾನಿಧಿ' ಎಂಬ ಸಂಸ್ಕೃತ ಗ್ರಂಥ ಬರೆದನು. ಅದರಲ್ಲಿ ವೀಣೆಗೆ ಮೆಟ್ಟಿಲು ಕೂಡಿಸುವ ಎರಡು ಕ್ರಮಗಳಿವೆ. ಎಲ್ಲ ರಾಗಗಳಿಗೂ ಬೇಕಾದ ಮೆಟ್ಟಿಲುಗಳಿದ್ದರೆ ಅದು ಸರ್ವರಾಗ ಮೇಳ. ಒಂದೇ ರಾಗಕ್ಕೆ ಸಲ್ಲುವ ಸ್ವರಗಳಿಗೆ ಮಾತ್ರ ಮೆಟ್ಟಿಲಿದ್ದರೆ ಅದು ಏಕರಾಗ ಮೇಳ. ಈ ಎರಡನೆಯದರಲ್ಲಿ ಹೊರಗಿನ ಸ್ವರಕ್ಕೆ ಮೆಟ್ಟಿಲೇ ಇಲ್ಲ. ಸ್ವರಕ್ಕೆ ಬೇಲಿ ಹಾಕುವುದೆಂದರೆ ಇದೇ. ಆದರೂ ವೈಣಿಕರಿಗೆ ತಂತಿಯನ್ನು ಎಳೆದು ಗಮಕ ಹೊರಡಿಸುವ ಸ್ವಾತಂತ್ರ್ಯ ಉಳಿದಿತ್ತು. ಬೇಲಿಯಲ್ಲೊಂದು ಬಾಗಿಲಿತ್ತು.

ಆ ಬಾಗಿಲು ಮುಚ್ಚಿದ್ದು ಹಾರ್ಮೋನಿಯಂ ಬಂದಾಗ. 19ನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈ ವಾದ್ಯವನ್ನು ಕಲ್ಕತ್ತದ ಕುಶಲಿಗಳು ನೆಲದ ಮೇಲೆ ಕುಳಿತು ನುಡಿಸುವಂತೆ ಮಾರ್ಪಡಿಸಿದರು. ಸೊಲ್ಲಾಪುರ, ಜತ್ತದ ಕಡೆ ಇದು ಪೇಟಿಯಾಗಿ ನಾಟಕದ ರಂಗಕ್ಕೂ ಭಜನೆಯ ಮನೆಗೂ ಹೊಕ್ಕಿತು. ಒಂದು ಸ್ಥಾಯಿಗೆ ಹನ್ನೆರಡು ಮನೆ. ಒಂದು ಮನೆಗೆ ಒಂದೇ ನಾದ. ಎರಡು ಮನೆಗಳ ನಡುವೆ ಜಾರಲು ದಾರಿಯಿಲ್ಲ.

ಈ ಕೊರತೆ ತುಂಬಲು ಹೊರಟವರು ನಮ್ಮ ಗಡಿಗೆ ಹತ್ತಿರದವರೇ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು 1910ರಲ್ಲಿ ಇಪ್ಪತ್ತೆರಡು ಶ್ರುತಿಗಳ ಕುರಿತು ಪುಸ್ತಕ ಪ್ರಕಟಿಸಿದರು. ಅವರೂ ಇಂಗ್ಲಿಷ್ ಅಧಿಕಾರಿ ಕ್ಲೆಮೆಂಟ್ಸ್ ಅವರೂ ಸೇರಿ ಶ್ರುತಿ ಹಾರ್ಮೋನಿಯಂ ಒಂದನ್ನು ರೂಪಿಸಿದರು. ಅವರಿಗೆ ಹಾಡಿ ತೋರಿಸಿ ನೆರವಾದವರು ಉಸ್ತಾದ್ ಅಬ್ದುಲ್ ಕರೀಂ ಖಾನರು. ಮುಂದೆ ಮಿರಜಿನಲ್ಲಿ ನೆಲೆಸಿದವರು, ಕುಂದಗೋಳದ ಸವಾಯಿ ಗಂಧರ್ವರ ಗುರುಗಳು. ಮನೆಗಳು ಹೆಚ್ಚಿದವು, ನಾದ ಮಾತ್ರ ಜಾರಲಿಲ್ಲ. ಸಾಮಾನ್ಯ ಪೇಟಿಯ ಜಾಗ ಅದಕ್ಕೆ ಸಿಗಲಿಲ್ಲ.

ಮುಂದೆ ರೇಡಿಯೊ ಕೂಡ ಈ ಚರ್ಚೆಗೆ ಇಳಿಯಿತು. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೊ ತನ್ನ ಪ್ರಸಾರದಿಂದ ಹಾರ್ಮೋನಿಯಂ ಅನ್ನು ದೂರವಿಟ್ಟಿತು. ಕದಲದ ಹನ್ನೆರಡು ಸ್ವರಗಳು ಗಾಯಕರ ಕಂಠವನ್ನು ಕಟ್ಟಿಹಾಕುತ್ತವೆ ಎಂಬುದು ವಿರೋಧಿಗಳ ಮುಖ್ಯ ವಾದ. 1971ರಲ್ಲಿ ಆ ನಿಷೇಧ ಭಾಗಶಃ ಸಡಿಲಾಯಿತು. ಅಷ್ಟೂ ವರ್ಷ ಹಳ್ಳಿಯ ಭಜನೆಯಲ್ಲಿ ಪೇಟಿ ನುಡಿಯುತ್ತಲೇ ಇತ್ತು.

ಇನ್ನು ಮಿಡಿಯ ವಿಷಯ. ತಂತಿ ಮಿಡಿಯುವುದು ಎಂಬ ನಮ್ಮ ಮಾತಿಗೂ ಇದಕ್ಕೂ ನಂಟಿಲ್ಲ. ವಾದ್ಯಗಳನ್ನು ಒಂದಕ್ಕೊಂದು ಜೋಡಿಸುವ ಏರ್ಪಾಟಿನ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿವು. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುಟಾರೊ ಕಾಕೆಹಾಶಿ ಇದರ ಮುಖ್ಯ ಶಿಲ್ಪಿಗಳು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಒಂದು ವಾದ್ಯಮೇಳದಲ್ಲಿ ಬೇರೆ ಬೇರೆ ಕಂಪನಿಗಳ ಎರಡು ಕೀಬೋರ್ಡುಗಳನ್ನು ತಂತಿಯಿಂದ ಜೋಡಿಸಿ ತೋರಿಸಲಾಯಿತು.

ಮಿಡಿ ತಂತಿಯಲ್ಲಿ ನಾದ ಹರಿಯುವುದಿಲ್ಲ, ಅಂಕಿಗಳು ಹರಿಯುತ್ತವೆ. ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆ ಕೊಡಲಾಗಿದೆ. ಮನೆ ಒತ್ತಿದಾಗ ಒಂದು ಸಂದೇಶ, ಬೆರಳು ಎತ್ತಿದಾಗ ಇನ್ನೊಂದು. ಸ್ವರ ಅಂಕಿಯಾದ ಮೇಲೆ ಅದನ್ನು ದಾರಿಯಲ್ಲೇ ತಡೆದು ತಿದ್ದಬಹುದು. 2013ರಲ್ಲಿ ಬಂದ ಆಪಲ್ ಕಂಪನಿಯ ಲಾಜಿಕ್ ಪ್ರೊ ಎಕ್ಸ್ ತಂತ್ರಾಂಶದಲ್ಲಿ, ನುಡಿಸುವವರು ಇಂಥ ನಿಯಮವನ್ನು ತಾವೇ ಬರೆಯಲು ಸ್ಕ್ರಿಪ್ಟರ್ ಎಂಬ ಸೌಲಭ್ಯ ಸೇರಿತು.

ನಿಯಮ ಸರಳ. ಷಡ್ಜದ ಸಂಖ್ಯೆ 60 ಎಂದು ಹಿಡಿಯೋಣ. ಮೋಹನ ರಾಗದ ಐದು ಸ್ವರಗಳು ಅದರಿಂದ 0, 2, 4, 7, 9 ಹೆಜ್ಜೆ ದೂರದಲ್ಲಿವೆ. ಹನ್ನೆರಡು ಹೆಜ್ಜೆಗೆ ಮುಂದಿನ ಷಡ್ಜ. ಬೆರಳು ಜಾರಿ 65ಕ್ಕೆ ಬಿತ್ತೆನ್ನಿ. ಐದನೆಯ ಹೆಜ್ಜೆ ಮೋಹನದಲ್ಲಿಲ್ಲ. ಹತ್ತಿರದ್ದು ನಾಲ್ಕು, ಅಂದರೆ ಗಾಂಧಾರ. ಯಂತ್ರ 64 ನುಡಿಸುತ್ತದೆ. 63 ಒತ್ತಿದರೆ ರಿಷಭ, ಗಾಂಧಾರ ಎರಡೂ ಸಮದೂರ; ಯಾವ ಕಡೆ ಹೋಗಬೇಕೆಂದು ನಿಯಮ ಬರೆಯುವವರು ಮೊದಲೇ ತೀರ್ಮಾನಿಸಬೇಕು. ಇನ್ನೂ ಒಂದು ಎಚ್ಚರ ಬೇಕು. ಬೆರಳು ಎತ್ತಿದಾಗ ಬರುವ ಸಂದೇಶ '65 ನಿಲ್ಲಲಿ' ಎನ್ನುತ್ತದೆ. ನುಡಿಯುತ್ತಿರುವುದು 64. ಆ ಸಂದೇಶವನ್ನೂ ತಿದ್ದದಿದ್ದರೆ ಗಾಂಧಾರ ನಿಲ್ಲದೆ ಕೂಗುತ್ತಲೇ ಇರುತ್ತದೆ.

ಇಷ್ಟಕ್ಕೆ ರಾಗ ಸಿಕ್ಕಿತೇ? ಖಮಾಜ್ ರಾಗವನ್ನೇ ನೋಡಿ. ಏರುವಾಗ ಶುದ್ಧ ನಿಷಾದ, ಇಳಿಯುವಾಗ ಕೋಮಲ ನಿಷಾದ. ಸ್ವರಗಳ ಪಟ್ಟಿಯೊಂದೇ ಇದ್ದರೆ ಯಂತ್ರ ಎರಡನ್ನೂ ಎಲ್ಲೆಂದರಲ್ಲಿ ಬಿಡುತ್ತದೆ, ಇಲ್ಲವೇ ಒಂದನ್ನು ಕೊಲ್ಲುತ್ತದೆ. ಹಿಂದಿನ ಸ್ವರ ಯಾವುದಿತ್ತು ಎಂದು ನೆನಪಿಡುವ ಸಾಲನ್ನೂ ಬರೆಯಬೇಕು. ಇನ್ನು ಕಾಂಬೋಜಿ. ತನ್ನ ಮೇಳಕ್ಕೆ ಸೇರದ ಕಾಕಲಿ ನಿಷಾದವನ್ನು ಒಂದು ವಿಶೇಷ ಸಂಚಾರದಲ್ಲಿ ಅದು ಕರೆದುಕೊಳ್ಳುತ್ತದೆ. ಕುರುಡು ಬೇಲಿಗೆ ಆ ಅತಿಥಿಯೂ ಕಳ್ಳನೇ.

ಆದರೂ ಹಾರ್ಮೋನಿಯಂ ಮುಚ್ಚಿದ ಬಾಗಿಲನ್ನು ಮಿಡಿ ಮತ್ತೆ ತೆರೆದಿದೆ. ಸ್ವರವನ್ನು ಬಾಗಿಸಲು ಅದರಲ್ಲಿ ಪ್ರತ್ಯೇಕ ಸಂದೇಶವಿದೆ, ಅದಕ್ಕೆ 16,384 ಹಂತಗಳಿವೆ. ನಿಯಮ ಬರೆಯುವಾಗ ಮನೆಯ ಸಂಖ್ಯೆಯನ್ನು ಮಾತ್ರ ತಿದ್ದಿ, ಬಾಗಿಸುವ ಸಂದೇಶವನ್ನು ಹಾಗೆಯೇ ಹೋಗಲು ಬಿಟ್ಟರೆ, ಏಕರಾಗ ವೀಣೆಯ ಹದ ಕೀಬೋರ್ಡಿನಲ್ಲೂ ಸ್ವಲ್ಪಮಟ್ಟಿಗೆ ಸಿಗುತ್ತದೆ: ಹೊರಗಿನ ಮೆಟ್ಟಿಲಿಲ್ಲ, ಗಮಕಕ್ಕೆ ಅಡ್ಡಿಯಿಲ್ಲ.

ಕೀಬೋರ್ಡು ಈಗ ನಮ್ಮ ಜಾತ್ರೆಯ ವೇದಿಕೆಗೂ ಬಂದಿದೆ. ದೂರದ ಕಾರ್ಖಾನೆ ತುಂಬಿಕೊಟ್ಟ ಪಟ್ಟಿಯನ್ನೇ ನಮ್ಮ ಮಕ್ಕಳು ರಾಗವೆಂದು ನಂಬಿದರೆ ಕಾಂಬೋಜಿಯ ಅತಿಥಿಗೆ ಇಲ್ಲಿ ನೆಲೆಯಿರದು. ಪಟ್ಟಿಯನ್ನು ನಾವೇ ಬರೆಯಬಹುದು ಎಂಬುದೇ ಈ ವಿದ್ಯೆಯ ದೊಡ್ಡ ಲಾಭ. ಬರೆಯುವ ಮುನ್ನ ಊರಿನಲ್ಲಿ ಆ ರಾಗ ಬಲ್ಲ ಹಿರಿಯರ ಎದುರು ಕುಳಿತು ಕೇಳಬೇಕು. ಗಣಿತ ಬಲ್ಲ ದೇವಲರೂ ಒಬ್ಬ ಗಾಯಕರ ಕಂಠಕ್ಕೆ ಕಿವಿಗೊಟ್ಟೇ ತಮ್ಮ ಲೆಕ್ಕ ಹಾಕಿದ್ದರು.