ಆಸ್ತಿ, ಸರ್ಕಾರ, ಮಿನರ್ವ ಮಿಲ್

ಸರ್ಕಾರ ಪ್ರಜೆಯ ಸ್ವತ್ತಿಗೆ ಎಲ್ಲಿಯವರೆಗೆ ಕೈಹಾಕಬಹುದು? ಅಮೆರಿಕದ ಸಂಪ್ರದಾಯವಾದಿಗಳು ಬಿಡದೆ ಕೇಳುವ ಪ್ರಶ್ನೆ ಇದು. ಭಾರತದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದ ಇಂಥ ಜಗಳಗಳಲ್ಲಿ ಒಂದು ಹುಟ್ಟಿದ್ದು ಬೆಂಗಳೂರಿನ ಬಿನ್ನಿಪೇಟೆಯ ನೆರೆಯ ಗೋಪಾಲಪುರದ ಮಿನರ್ವ ಎಂಬ ಬಟ್ಟೆ ಗಿರಣಿಯಿಂದ.

ವಾದದ ಬೇರು ಇನ್ನೂ ಹಿಂದಿನದು. ಸರ್ಕಾರವೇ ಕಾರ್ಖಾನೆ ಕಟ್ಟಿದ ಮೈಸೂರು ಸಂಸ್ಥಾನದಲ್ಲಿ, ಅಧಿಕಾರಕ್ಕೆ ಕಡಿವಾಣ ಬೇಕೆಂದು ಡಿ.ವಿ.ಜಿ. ಬರೆಯುತ್ತಲೇ ಇದ್ದರು, 1945ರಲ್ಲಿ ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ ಆ ಕಾಳಜಿಯದೇ ಕೂಸು. ಆದರೆ ಅವರದು ಪಕ್ಷವಲ್ಲ. ಪಕ್ಷ ಬಂದದ್ದು 1959ರಲ್ಲಿ: ಸಹಕಾರಿ ಬೇಸಾಯದ ಪರವಾಗಿ ಕಾಂಗ್ರೆಸ್ ನಾಗಪುರದಲ್ಲಿ ಠರಾವು ಮಾಡಿದ ಮೇಲೆ ರಾಜಾಜಿ ಸ್ವತಂತ್ರ ಪಕ್ಷ ಕಟ್ಟಿದರು. 'ಪರ್ಮಿಟ್-ಲೈಸೆನ್ಸ್ ರಾಜ್' ಅವರದೇ ಮಾತು. 1967ರ ಮೈಸೂರು ವಿಧಾನಸಭೆಯಲ್ಲಿ ಸ್ವತಂತ್ರ ಪಕ್ಷಕ್ಕೆ 16 ಸ್ಥಾನ, ಜನಸಂಘಕ್ಕೆ 4. ಉಡುಪಿಯಿಂದ ಲೋಕಸಭೆಗೆ ಹೋದವರು ನಿವೃತ್ತ ಐಸಿಎಸ್ ಅಧಿಕಾರಿ ಜೆ.ಎಂ. ಲೋಬೋ ಪ್ರಭು. ಆಗ ಇಲ್ಲಿ ಬಲಪಂಥವೆಂದರೆ ಧರ್ಮಕ್ಕಿಂತ ಹೆಚ್ಚಾಗಿ ಆಸ್ತಿಯ ಮಾತು. ಜಮೀನ್ದಾರರ ನೆರಳು ಅದರ ಮೇಲೆ ದಟ್ಟವಾಗಿಯೇ ಇತ್ತು, ಮುಚ್ಚಿಟ್ಟು ಫಲವಿಲ್ಲ. 1974ರಲ್ಲಿ ಪಕ್ಷ ಭಾರತೀಯ ಲೋಕದಳದೊಳಗೆ ಕರಗಿತು. ಅದೇ ವರ್ಷ ದೇವರಾಜ ಅರಸರ ಭೂಸುಧಾರಣಾ ತಿದ್ದುಪಡಿ ಉಳುವವನಿಗೆ ಹೊಲ ಕೊಟ್ಟಿತು.

ಮಿನರ್ವ ಮಿಲ್ಲಿನ ಆಡಳಿತವನ್ನು ಕೇಂದ್ರ ಸರ್ಕಾರ 1971ರಲ್ಲಿ ವಹಿಸಿಕೊಂಡು, 1974ರಲ್ಲಿ ರೋಗಗ್ರಸ್ತ ಜವಳಿ ಗಿರಣಿಗಳ ಕಾಯ್ದೆಯಡಿ ರಾಷ್ಟ್ರೀಕರಿಸಿತು. ಮಾಲೀಕರ ಪರ ನಿಂತವರು ವಕೀಲ ನಾನಿ ಪಾಲ್ಖಿವಾಲಾ. ಅವರು ಗಿರಣಿಗಿಂತ ಸಂವಿಧಾನದ 42ನೇ ತಿದ್ದುಪಡಿಯ ಮೇಲೆಯೇ ಗುರಿಯಿಟ್ಟರು. ಸಂಸತ್ತು ಮಾಡುವ ತಿದ್ದುಪಡಿಯನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಎಂದಿದ್ದ ಭಾಗವನ್ನು 1980ರ ಜುಲೈ 31ರಂದು ಸುಪ್ರೀಂ ಕೋರ್ಟು ಹೊಡೆದುಹಾಕಿತು. ಸಂಸತ್ತಿನ ಅಧಿಕಾರಕ್ಕೆ ಮಿತಿಯುಂಟು ಎಂಬುದು ಗಟ್ಟಿಯಾಯಿತು. ಗಿರಣಿ ಮಾತ್ರ ಮಾಲೀಕರಿಗೆ ಮರಳಲಿಲ್ಲ; 1986ರ ತೀರ್ಪು ರಾಷ್ಟ್ರೀಕರಣವನ್ನೇ ಎತ್ತಿಹಿಡಿಯಿತು.

ಇನ್ನೂ ವಿಚಿತ್ರವೆಂದರೆ, ಅಷ್ಟರೊಳಗೆ ಆಸ್ತಿ ಮೂಲಭೂತ ಹಕ್ಕಾಗಿಯೇ ಉಳಿದಿರಲಿಲ್ಲ. ಅದನ್ನು ತೆಗೆದದ್ದು 1978ರ 44ನೇ ತಿದ್ದುಪಡಿ. ತಂದದ್ದು ಜನತಾ ಸರ್ಕಾರ. ಅದರಲ್ಲಿ ಜನಸಂಘದವರಿದ್ದರು, ಹಣಕಾಸು ಸಚಿವ ಎಚ್.ಎಂ. ಪಟೇಲ್ ಹಿಂದೆ ಸ್ವತಂತ್ರ ಪಕ್ಷದವರು! ನಮ್ಮ ಬಲಪಂಥದ ಚರಿತ್ರೆಯಲ್ಲಿ ಇದಕ್ಕಿಂತ ಮುಜುಗರದ ಪುಟ ನನಗೆ ಕಂಡಿಲ್ಲ.

ಅಮೆರಿಕದ ಸಂಪ್ರದಾಯವಾದಿಗಳಿಗೂ ಇಂಥ ಗಾಯವಿದೆ. ನ್ಯೂ ಲಂಡನ್ ನಗರದ ಅಭಿವೃದ್ಧಿಗೆಂದು ಸೂಸೆಟ್ ಕೆಲೋ ಎಂಬಾಕೆಯ ಮನೆ ಕಸಿಯಲು 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 5-4ರಲ್ಲಿ ಒಪ್ಪಿತು. ಸ್ಕಾಲಿಯಾ, ಥಾಮಸ್ ಮುಂತಾದವರು ಭಿನ್ನಮತ ಕೊಟ್ಟರು. ಇತ್ತೀಚೆಗಂತೂ ಸುಂಕದ ವಿಷಯದಲ್ಲಿ ಮುಕ್ತ ವ್ಯಾಪಾರದವರೂ ಟ್ರಂಪ್ ಬೆಂಬಲಿಗರೂ ಒಂದೇ ಪಕ್ಷದೊಳಗೆ ಗುದ್ದಾಡುತ್ತಿದ್ದಾರೆ.

ಇಲ್ಲಿಯೂ ಅದೇ ಸೀಳು. 2020ರ ಡಿಸೆಂಬರಿನಲ್ಲಿ ಯಡಿಯೂರಪ್ಪ ಸರ್ಕಾರ ಗೋಹತ್ಯೆ ನಿಷೇಧದ ಮಸೂದೆಯನ್ನು ವಿಧಾನಸಭೆಯಲ್ಲಿ ಪಾಸು ಮಾಡಿಸಿಕೊಂಡಿತು. ಕೃಷಿಕರಲ್ಲದವರು ಹೊಲ ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತ ಮಸೂದೆಗೂ ಅದೇ ಅಧಿವೇಶನದಲ್ಲಿ ಒಪ್ಪಿಗೆ ಸಿಕ್ಕಿತು. ರೈತ ಕಸಾಯಿಗೆ ದನ ಮಾರುವುದಕ್ಕೆ ಸರ್ಕಾರದ ಅಡ್ಡಿ, ಹೊಲ ಮಾರುವುದಕ್ಕೆ ಬಿಡುಗಡೆ. ಭೂಕಾಯ್ದೆಯ ವಿರುದ್ಧ ಬೀದಿಗಿಳಿದ ರೈತ ಸಂಘಗಳ ಅಂಜಿಕೆ, ಹೊಲ ರೈತನ ಕೈತಪ್ಪೀತು ಎಂಬುದು. ಸಹಕಾರಿ ಬೇಸಾಯದ ಎದುರು ರಾಜಾಜಿ ಹೇಳುತ್ತಿದ್ದದ್ದೂ ಅದನ್ನೇ.