ಸೈಕಲ್ ಸವಾರರ ಜೇಬಿನಲ್ಲೊಂದು ರಿವಾಲ್ವರ್

ಸೈಕಲ್ ತುಳಿಯುತ್ತಿರುವಾಗ ನಾಯಿಯೊಂದು ಬೊಗಳುತ್ತ ಮೀನಖಂಡಕ್ಕೆ ಬಾಯಿ ಹಾಕಲು ಬಂದ ಅನುಭವ ನಿಮಗೂ ಆಗಿರಬಹುದು. ಎರಡೂ ಕಾಲುಗಳನ್ನು ಮೇಲೆತ್ತಿಕೊಂಡು ಪಾರಾಗುವುದು ನಮ್ಮಲ್ಲಿನ ಉಪಾಯ. 19ನೇ ಶತಮಾನದ ಕೊನೆಯ ಫ್ರಾನ್ಸಿನಲ್ಲಿ ಇದಕ್ಕೆಂದೇ ರಿವಾಲ್ವರ್ ತಯಾರಾಗಿತ್ತು ಎಂದರೆ ನಂಬುತ್ತೀರಾ? ಅದರ ಹೆಸರು 'ವೆಲೊ-ಡಾಗ್'. ಫ್ರೆಂಚರ 'ವೆಲೊ' ಎಂದರೆ ಸೈಕಲ್. ಜೊತೆಗೆ ಇಂಗ್ಲಿಷಿನ ನಾಯಿ!

1885ರಲ್ಲಿ ಸ್ಟಾರ್ಲಿಯ ರೋವರ್ ಸೈಕಲ್, 1888ರಲ್ಲಿ ಡನ್‌ಲಪ್‌ನ ಗಾಳಿ ತುಂಬಿದ ಟೈರು ಬಂದ ಮೇಲೆ ಪಟ್ಟಣಿಗರು ಹಳ್ಳಿಗಾಡಿನ ರಸ್ತೆಗಳಿಗೆ ಸೈಕಲ್ ಹತ್ತಿ ಹೊರಟರು. ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ನಾಯಿಯ ಹುಟ್ಟುಗುಣ. ಈ ಹೊಸ ವಾಹನವನ್ನು ಅವು ಬಿಟ್ಟಾವೇ? ಪ್ಯಾರಿಸ್ಸಿನ ಬಂದೂಕು ತಯಾರಕ ಗಾಲಾನ್ 1890ರ ದಶಕದಲ್ಲಿ ಈ ರಿವಾಲ್ವರನ್ನು ಮಾರುಕಟ್ಟೆಗೆ ತಂದ. ಬೆಲ್ಜಿಯಂ, ಸ್ಪೇನ್ ದೇಶಗಳ ತಯಾರಕರೂ ಅದನ್ನು ನಕಲು ಮಾಡಿದರು.

ಇದರ ರಚನೆ ಜಾಣತನದ್ದು. ಜೇಬಿನಿಂದ ಸೆಳೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳದಂತೆ ಸುತ್ತಿಗೆ ಹೊದಿಕೆಯೊಳಗೆ ಅಡಗಿರುತ್ತಿತ್ತು. ಕುದುರೆಗೆ ರಕ್ಷಾಬಳೆಯಿಲ್ಲ, ಅದು ಚಾಕುವಿನಂತೆ ಮಡಿಚಿಕೊಳ್ಳುತ್ತಿತ್ತು. 5.75 ಮಿ.ಮೀ. ಎಂದು ಕರೆಯಲಾಗುವ ಇದರ ತೋಟಾ ತೆಳುವಾಗಿ ಉದ್ದವಾಗಿತ್ತು. ಗುಂಡಿನ ತೂಕ ಸುಮಾರು 3 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 200 ಮೀಟರ್. ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ 60 ಜೂಲ್ ಆಗುತ್ತದೆ. ಇಂದಿನ ಸಾಧಾರಣ .22 ರೈಫಲ್ ಗುಂಡಿನ ಶಕ್ತಿಯ ಅರ್ಧವೂ ಅಲ್ಲ. ಅಲುಗಾಡುವ ಸೈಕಲ್ ಮೇಲಿಂದ ಓಡುವ ನಾಯಿಗೆ ಗುರಿಯಿಡುವವನ ಅವಸ್ಥೆಯನ್ನು ಊಹಿಸಿಕೊಳ್ಳಿ! ನಾಯಿ ಸಾಯದೆ ಬರಿದೇ ಹೆದರಿ ಓಡಲೆಂದು ಸೀಸದ ಬದಲು ಖಾರದ ಪುಡಿ ಅಥವಾ ಮೇಣ ತುಂಬಿದ ತೋಟಾಗಳೂ ಸಿಗುತ್ತಿದ್ದವು.

ಇಷ್ಟೆಲ್ಲ ಭಯವೇಕೆ? ರೇಬೀಸ್. ಲಕ್ಷಣ ಕಾಣಿಸಿದ ಮೇಲೆ ಆ ರೋಗದಿಂದ ಬದುಕುಳಿಯುವುದು ಅಂದಿಗೂ ಇಂದಿಗೂ ಅತಿ ವಿರಳ. 1885ರ ಜುಲೈ 6ರಂದು ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಲಸಿಕೆ ಕೊಟ್ಟು ಪಾಶ್ಚರ್ ದಾರಿ ತೋರಿಸಿದ್ದನೇನೋ ನಿಜ. ಆದರೆ ಕಡಿತಕ್ಕೊಳಗಾದವರು ಲಸಿಕೆ ಇರುವ ಊರಿಗೆ ಬೇಗ ತಲುಪಬೇಕಿತ್ತು. 1886ರಲ್ಲಿ ಹುಚ್ಚು ತೋಳ ಕಚ್ಚಿದ 19 ಜನ ರಷ್ಯದ ಸ್ಮೊಲೆನ್ಸ್ಕ್‌ನಿಂದ ಪ್ಯಾರಿಸ್ಸಿಗೆ ಬಂದರು. 16 ಜನ ಉಳಿದರು. ದಕ್ಷಿಣ ಭಾರತದವರಿಗೆ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ದೊರೆತದ್ದು 1907ರಲ್ಲಿ.

ವಿಪರ್ಯಾಸವೊಂದಿದೆ. ಕಚ್ಚಿದ ನಾಯಿಯನ್ನು ಕಟ್ಟಿಹಾಕಿ ಹತ್ತು ದಿನ ಗಮನಿಸುವುದು ಇಂದಿನ ಕ್ರಮ. ಅಷ್ಟು ದಿನ ಅದು ಆರೋಗ್ಯವಾಗಿದ್ದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲವೆಂದೇ ಅರ್ಥ. (ಲಸಿಕೆಗೆ ಮಾತ್ರ ಕಾಯಬಾರದು, ಗಾಯವನ್ನು ಸೋಪು, ನೀರಿನಿಂದ 15 ನಿಮಿಷ ತೊಳೆದು ಕೂಡಲೇ ವೈದ್ಯರನ್ನು ಕಾಣಬೇಕು.) ಗುಂಡಿಗೆ ಬಲಿಯಾದ ನಾಯಿಯನ್ನು ಹೀಗೆ ಗಮನಿಸುವಂತಿಲ್ಲ. ಅದರ ಮಿದುಳಿನಲ್ಲಿ ರೋಗದ ಗುರುತನ್ನು ಸೂಕ್ಷ್ಮದರ್ಶಕದಿಂದ ಹುಡುಕುವ ವಿಧಾನವೂ ಇಟಲಿಯ ನೆಗ್ರಿ 1903ರಲ್ಲಿ ತೋರಿಸಿಕೊಡುವವರೆಗೆ ಇರಲಿಲ್ಲ. ಅಲ್ಲಿಯವರೆಗೆ ಸತ್ತ ನಾಯಿಯ ಮಿದುಳಿನ ಅಂಶವನ್ನು ಮೊಲಕ್ಕೆ ಚುಚ್ಚಿ, ಮೊಲ ಸಾಯುವುದೋ ಇಲ್ಲವೋ ಎಂದು ವಾರಗಟ್ಟಲೆ ಕಾಯುತ್ತಿದ್ದರು.